ಸೈಟು ಕೊಳ್ಳೋ ಮುಂಚೆ ಅದರ ಜಾತಕ ಕೇಳಿ

ಬ್ಲಾಗ್ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಕಾರಣ ಸೈಟು! ಶನಿವಾರ ಬಂತೆಂದರೆ ನಾನೂ ಅಪ್ಪನೂ ಬೈಕ್ ಹತ್ತಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ಸುತ್ತಿದ್ದೇ ಸುತ್ತಿದ್ದು. ನನ್ನ ಸಂಬಳಕ್ಕೆ ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟು ಕನಸಿನ ಮಾತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ಹೊಲಗಳಲ್ಲೂ ರಾಗಿಗಿಂತ ಸೈಟಿನ ಕಲ್ಲುಗಳೇ ಚೆನ್ನಾಗಿ ಬೆಳೆಯುತ್ತಿವೆ :-)

ಶಿಡ್ಲಘಟ್ಟದ ಕಡೆ ಒಂದು ಲೇಔಟು ಇಷ್ಟವಾಯ್ತು. ಸಮತಟ್ಟು ಜಾಗ, ಪಕ್ಕದಲ್ಲೇ ಹಿಪ್ಪುನೇರಳೆ ತೋಟ. "ಇವತ್ತು ಬಿಟ್ರೆ ನಾಳೆ ಸಿಗಲ್ಲ ಸಾರ್" ಅಂದರು ಬ್ರೋಕರ್ ಮಹಾಶಯರು. ಅಪ್ಪನ ನಿವೃತ್ತಿ ದುಡ್ಡಿನಿಂದ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟೂಬಿಟ್ಟೆವು. ವಾಪಸ್ ಬರುವಾಗ ಕುರಿ ಕಾಯುತ್ತಿದ್ದ ಅಜ್ಜ ಕೇಳಿದರು: "ಕೆರೆ ನೀರು ಬರೋ ದಾರೀಲಿ ಮನೆ ಕಟ್ತೀರಾ?"

ಮನೆಗೆ ಬಂದು ಗ್ರಾಮ ನಕ್ಷೆ ತೆಗೆದು ನೋಡಿದರೆ, ನಾವು ಮೆಚ್ಚಿದ ಸೈಟುಗಳ ಮೇಲೇ ರಾಜಕಾಲುವೆಯ ಗೆರೆ! ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚುತ್ತೆ.

ಬಯಲುಸೀಮೆಯಲ್ಲಿ ಹೀಗೆ ಏಮಾರುವುದು ಸುಲಭ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆಗಳು ವರ್ಷಗಟ್ಟಲೆ ಒಣಗಿದ್ದರೆ ಅಲ್ಲಿ ಕೆರೆಯಿತ್ತು ಅನ್ನೋದೇ ನಮ್ಮ ವಯಸ್ಸಿನವರಿಗೆ ಮರೆತುಹೋಗುತ್ತದೆ. ಆದರೆ ನೀರು ತನ್ನ ದಾರಿ ಮರೆಯಲ್ಲ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಹರಿದದ್ದು ನೆನಪಿರಬಹುದು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಸೈಟಿಗೆ ಎಷ್ಟು ರೇಟು ಅಂತ ಕೇಳೋ ಮೊದಲು, ಸೈಟಾಗುವ ಮುಂಚೆ ಅದು ಏನಾಗಿತ್ತು ಅಂತ ಕೇಳಿ.

ಕೆರೆಯೋ ಕಾಲುವೆಯೋ ಆಗಿತ್ತಾ? ಗ್ರಾಮ ನಕ್ಷೆ ನೋಡಿ. ಜಾಗದಲ್ಲೇ ನಿಂತು ದಿಶಾಂಕ್ ಆಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿಯಲ್ಲಿ 'ಖರಾಬು' ಎಷ್ಟಿದೆ ನೋಡಿ.

ಹೊಲವಾಗಿತ್ತಾ? ಭೂಪರಿವರ್ತನೆ ಆದೇಶ ಕೇಳಿ. ಅದೊಂದೇ ಸಾಲದು, ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆಯೂ ಬೇಕು. ಎಂಟಕ್ಕಿಂತ ಹೆಚ್ಚು ಸೈಟಿದ್ದರೆ ರೇರಾ ನಂಬರ್ ಕೇಳಿ. ಇ-ಖಾತಾ ಇಲ್ಲದಿದ್ದರೆ ದುಡ್ಡು ಮುಟ್ಟಿಸಬೇಡಿ.

ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತಾ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯ ನಂತರ, ಅದನ್ನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಮೂಲ ಮಂಜೂರಾತಿ ಕಾಗದ ನೋಡದೆ ಮುಂದೆ ಹೋಗಬೇಡಿ. ಅದು ಬಡವರ ಭೂಮಿ ಅನ್ನೋದನ್ನೂ ಮರೀಬೇಡಿ.

ಇನ್ನು ನೀರು. ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಬೋರ್‌ವೆಲ್ ಎಷ್ಟು ಅಡಿ, ಎಷ್ಟು ಫೇಲಾಗಿದೆ ಕೇಳಿ. ನಮ್ಮ ಕಡೆ ಸಾವಿರ ಅಡಿ ದಾಟುವುದು ಹೊಸದೇನಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇರುವುದೂ ಹೊಸದಲ್ಲ. ಪರೀಕ್ಷೆ ಮಾಡಿಸಿ.

ಐನೂರು ರೂಪಾಯಿ ಹೆಡ್‌ಫೋನಿಗೆ ಐವತ್ತು ರಿವ್ಯೂ ಓದುವ ನಾನು, ಜೀವಮಾನದ ದುಡ್ಡಿಗೆ ಒಬ್ಬ ಬ್ರೋಕರ್ ಮಾತು ನಂಬಿದೆ. ನೀವು ಹಾಗೆ ಮಾಡಬೇಡಿ. ವಕೀಲರಿಗೆ ಕಾಗದ ತೋರಿಸಿ, ಜೊತೆಗೆ ಊರಿನ ಒಬ್ಬ ಅಜ್ಜನನ್ನೂ ಮಾತಾಡಿಸಿ. ಇಬ್ಬರಲ್ಲಿ ಅಜ್ಜನ ಫೀಸು ಕಡಿಮೆ, ಒಂದು ಟೀ ಅಷ್ಟೇ :-)

ನಿಮಗೂ ಇಂಥ ಅನುಭವ ಆಗಿದ್ದರೆ ಬರೀರಿ. ಇನ್ನೊಬ್ಬರ ಅಪ್ಪನ ದುಡ್ಡಾದರೂ ಉಳೀಲಿ...