ಮರ್ಯಾದೆಯ ಮಾತು ಬೈಗುಳವಾದ ಕತೆ

ನಮ್ಮ ಅಕ್ಕನ ಮಗನಿಗೆ ಜಪಾನಿನ ಅನಿಮೆ ಹುಚ್ಚು. ಮೊನ್ನೆ ಊಟಕ್ಕೆ ಕೂತಾಗ ಭಾವ ರೇಗಿದರು: "ಇಪ್ಪತ್ನಾಲ್ಕು ಗಂಟೆ ರೂಮಲ್ಲಿ ಅದೇ ಬೊಂಬೆಯಾಟ ನೋಡ್ತಾ ಕೂರ್ತಾನೆ, ತಲೆ ಕೆಟ್ಟಿದೆ ಇವನಿಗೆ." ಅವನು ತಣ್ಣಗೆ "ನಾನು ಒಟಾಕು ಅಪ್ಪ" ಅಂದ. ಅದೂ ಹೆಮ್ಮೆಯಿಂದ! ನನಗೋ ಪದಗಳ ಹುಚ್ಚು. ಬಿಡ್ತೀನಾ? ಹುಡುಕಿದೆ.

ಜಪಾನಿ ಭಾಷೆಯಲ್ಲಿ 'ಟಾಕು' ಅಂದರೆ ಮನೆ. ಮುಂದಿರುವ 'ಒ' ಗೌರವಕ್ಕೆ. ಅಲ್ಲಿಗೆ ಒಟಾಕು ಅಂದರೆ 'ತಮ್ಮ ಮನೆ'. ಅಷ್ಟಾಗಿ ಪರಿಚಯವಿಲ್ಲದವರನ್ನು 'ತಾವು' ಎನ್ನುವುದಕ್ಕೂ ಅದೇ ಪದ. ನಮಗಿದು ವಿಚಿತ್ರವೇನಲ್ಲ ಬಿಡಿ, ಗಂಡನನ್ನು 'ನಮ್ಮ ಮನೆಯವರು' ಅನ್ನುವ ಜನ ನಾವು :)

ಕಾಮಿಕ್ಸ್, ಅನಿಮೆ ಹುಚ್ಚಿನ ಹುಡುಗರು 'ನೀನು' ಅನ್ನಬೇಕಾದ ವಯಸ್ಸಲ್ಲೂ ಒಬ್ಬರನ್ನೊಬ್ಬರು ಹೀಗೇ ಕರೆಯುತ್ತಿದ್ದರಂತೆ. 1983ರಲ್ಲಿ ಅಕಿಯೊ ನಕಮೊರಿ ಎಂಬ ಬರಹಗಾರ 'ಮಾಂಗಾ ಬುರಿಕ್ಕೊ' ಪತ್ರಿಕೆಯ ಅಂಕಣದಲ್ಲಿ ಅದನ್ನೇ ಅವರಿಗೆ ಹೆಸರಾಗಿ ಇಟ್ಟ. ಟೋಕಿಯೋದ ಕಾಮಿಕ್ಸ್ ಸಂತೆಗೆ ಬರುತ್ತಿದ್ದ ಹುಡುಗರ ಬಟ್ಟೆ, ಕನ್ನಡಕ, ಕೂದಲು ಎಲ್ಲವನ್ನೂ ಆಡಿಕೊಂಡು ಬರೆದ.

ಅಲ್ಲಿವರೆಗೆ ಬರೀ ಗೇಲಿ. 1989ರಲ್ಲಿ ನಾಲ್ವರು ಪುಟ್ಟ ಹೆಣ್ಣುಮಕ್ಕಳನ್ನು ಕೊಂದ ತ್ಸುತೊಮು ಮಿಯಾಜಾಕಿ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಐದು ಸಾವಿರಕ್ಕೂ ಹೆಚ್ಚು ವಿಡಿಯೋ ಟೇಪುಗಳು! ಮಾಧ್ಯಮದವರು ಅವನನ್ನು 'ಒಟಾಕು ಕೊಲೆಗಾರ' ಅಂದರು. ಕೊಂದವನು ಒಬ್ಬ, ಆದರೆ ಕೋಣೆ ತುಂಬ ಟೇಪು, ಪುಸ್ತಕ ಇಟ್ಟುಕೊಂಡಿದ್ದ ಪ್ರತಿ ಹುಡುಗನ ಮೇಲೂ ಊರಿನ ಕಣ್ಣು ಬಿತ್ತು. ಇದು ಯಾವ ನ್ಯಾಯ?

ಆಮೇಲೆ ಗಾಳಿ ತಿರುಗಿತು. ತೊಂಬತ್ತರ ದಶಕದಲ್ಲಿ ತೊಶಿಯೊ ಒಕಾಡ ಎಂಬಾತ ಟೋಕಿಯೋ ವಿಶ್ವವಿದ್ಯಾಲಯದಲ್ಲೇ ಒಟಾಕುಗಳ ಬಗ್ಗೆ ಪಾಠ ಮಾಡಿದ. 2004ರಲ್ಲಿ 'ದೆನ್ಶಾ ಒತೊಕೊ' ಪುಸ್ತಕ ಬಂತು, ಮರುವರ್ಷ ಸಿನೆಮಾ, ಟಿವಿ ಧಾರಾವಾಹಿ ಎರಡೂ ಆದವು. ಅದರಲ್ಲಿ ಒಟಾಕುವೇ ಹೀರೋ. ಹಾಗಂತ ಜಪಾನಿನಲ್ಲಿ ಎಲ್ಲರ ಬಾಯಲ್ಲೂ ಇದು ಹೊಗಳಿಕೆಯಾಗಿಲ್ಲ. ತಮ್ಮನ್ನು ತಾವೇ ಕರೆದುಕೊಂಡರೆ ಹೆಮ್ಮೆ, ಬೇರೆಯವರು ಮೂಗು ಮುರಿದು ಅಂದರೆ ಬೈಗುಳ.

ಇಷ್ಟೆಲ್ಲ ಓದಿದ ಮೇಲೆ ನನಗನಿಸಿದ್ದು ಇಷ್ಟೇ. ಹಗಲೂ ರಾತ್ರಿ ಕ್ರಿಕೆಟ್ ನೋಡುವವನಿಗೆ ನಾವು 'ಕ್ರಿಕೆಟ್ ಪ್ರೇಮಿ' ಅಂತೀವಿ. ನಮಗೆ ಅರ್ಥವಾಗದ್ದನ್ನು ನೋಡುವವನಿಗೆ ಮಾತ್ರ 'ತಲೆ ಕೆಟ್ಟಿದೆ'. ಭಾವ ಹಾಗಂದಾಗ ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ. ಈ ಭಾನುವಾರ ಅವನ ಪಕ್ಕ ಕೂತು ಒಂದು ಎಪಿಸೋಡಾದರೂ ನೋಡಬೇಕು ಅಂದುಕೊಂಡಿದ್ದೀನಿ.

ನಿಮ್ಮ ಮನೆಯಲ್ಲೂ ಇಂಥ 'ತಾವು' ಯಾರಾದರೂ ಇದ್ದಾರಾ?