ರೈಲು ತಡವಾಯಿತೆಂದು ಬೈಯುವ ಮುನ್ನ

ಮಳೆಗಾಲದಲ್ಲಿ ಅಂಕೋಲಾ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವುದು ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪೇಟೆಯಿಂದ ರಿಕ್ಷಾ ಹಿಡಿದು, ಅರ್ಧ ನೆನೆದು, ಪ್ಲಾಟ್‌ಫಾರ್ಮಿಗೆ ಬಂದು ನಿಂತರೆ ಮೊಬೈಲ್ ಹೇಳುತ್ತದೆ: ಒಂದು ಗಂಟೆ ತಡ. ಇಂಥದ್ದೇ ಒಂದು ಸಂಜೆ ನಾನು ಮತ್ತು ಗೆಳೆಯರು ರೈಲ್ವೆಗೆ ಬೈಯುತ್ತಾ ನಿಂತಿದ್ದೆವು. ಅಷ್ಟರಲ್ಲಿ ಹಳಿಯ ಪಕ್ಕದಲ್ಲಿ ಇಬ್ಬರು ನಡೆದುಕೊಂಡು ಬಂದರು. ಕಿತ್ತಳೆ ಬಣ್ಣದ ಜಾಕೆಟ್ಟು, ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಮಳೆ ಹೊಡೆಯುತ್ತಲೇ ಇತ್ತು. ಅವರು ನಮ್ಮ ಕಡೆ ನೋಡಲೂ ಇಲ್ಲ, ತಲೆ ತಗ್ಗಿಸಿ ಹಳಿಯನ್ನೇ ನೋಡುತ್ತಾ ಕತ್ತಲೆಯೊಳಗೆ ಹೋದರು. ನಮ್ಮ ಬೈಗುಳ ಅಲ್ಲಿಗೆ ನಿಂತಿತು.

ಕಾರವಾರ, ಅಂಕೋಲಾದ ಯುವಕರಿಗೆ ರೈಲು ಬರೀ ರೈಲಲ್ಲ. ಓದಲು ಮಂಗಳೂರು, ಕೆಲಸಕ್ಕೆ ಗೋವಾ ಅಥವಾ ಬೆಂಗಳೂರು, ಆಸ್ಪತ್ರೆಗೆ ಮಣಿಪಾಲ. ಎಲ್ಲಿಗೆ ಹೋಗುವುದಿದ್ದರೂ ರೈಲೇ ಬೇಕು. ಹಾಗಾಗಿ ರೈಲಿನಲ್ಲಿ ಏನೇ ಬದಲಾದರೂ ಅದು ನಮ್ಮ ಮನೆಯ ಸುದ್ದಿ. ಕಳೆದ ಕೆಲವು ವರ್ಷಗಳಲ್ಲಿ ಬದಲಾವಣೆಗೆ ಲೆಕ್ಕವಿಲ್ಲ. 2020ರ ಮಾರ್ಚ್‌ನಲ್ಲಿ ಪಡೀಲ್ ದಾರಿಯಾಗಿ ಬೆಂಗಳೂರಿನ ರಾತ್ರಿ ರೈಲು ಬಂತು. ಇಂದು ಅದು ನಮ್ಮ ಪಂಚಗಂಗಾ. ಅದೇ ವರ್ಷ ಕೊರೊನಾ ಬಂದು ಪ್ಯಾಸೆಂಜರ್ ರೈಲುಗಳೆಲ್ಲ 'ವಿಶೇಷ' ಆದವು, 10 ರೂಪಾಯಿಯ ಕನಿಷ್ಠ ಟಿಕೆಟ್ 30 ಆಯಿತು. ಅದು ಮತ್ತೆ 10ಕ್ಕೆ ಇಳಿಯಲು 2024ರ ಫೆಬ್ರುವರಿ ಬರಬೇಕಾಯಿತು. 2022ರಲ್ಲಿ ಕೊಂಕಣ ಮಾರ್ಗ ಪೂರ್ತಿ ವಿದ್ಯುದೀಕರಣವಾಯಿತು. 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾಯಿತು. ಆಗ ನಡುವೆ ಅದಕ್ಕೆ ಇದ್ದದ್ದು ಉಡುಪಿ ಮತ್ತು ಕಾರವಾರ ಎರಡೇ ನಿಲುಗಡೆ. ಅಂಕೋಲಾದವರು ಟಾಟಾ ಮಾಡಿದೆವು. 2025ರ ಫೆಬ್ರುವರಿಯಲ್ಲಿ ಮತ್ಸ್ಯಗಂಧಕ್ಕೆ ಹೊಸ ಎಲ್‌ಎಚ್‌ಬಿ ಬೋಗಿ ಬಂದವು. ಅದೇ ವರ್ಷದ ಜೂನ್‌ನಿಂದ ತಿಂಗಳುಗಟ್ಟಲೆ ಯಶವಂತಪುರ–ಕಾರವಾರ ಹಗಲು ರೈಲು ರದ್ದಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ವಿದ್ಯುದೀಕರಣದ ಕೆಲಸ ನಡೆಯುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಪ್ರತಿ ಬದಲಾವಣೆಗೂ ನಾವು ಪ್ರತಿಕ್ರಿಯಿಸಿದ್ದೇವೆ. ಸ್ಟೇಟಸ್ ಹಾಕಿದ್ದೇವೆ, ಮನವಿ ಕೊಟ್ಟಿದ್ದೇವೆ, ಸಂಸದರಿಗೆ ಟ್ಯಾಗ್ ಮಾಡಿದ್ದೇವೆ. ನಿಲುಗಡೆ ಕೊಡಿ, ಬೋಗಿ ಹೆಚ್ಚಿಸಿ, ವೇಗ ಹೆಚ್ಚಿಸಿ, ಸಮಯಕ್ಕೆ ಸರಿಯಾಗಿ ಓಡಿಸಿ. ಎಲ್ಲವೂ ನ್ಯಾಯವೇ. ಆದರೆ ಆ ಘಟ್ಟದ ಸುರಂಗಗಳಲ್ಲಿ ಮಳೆಗಾಲದಲ್ಲಿ ತಂತಿ ಎಳೆಯುತ್ತಿದ್ದವರು ಯಾರು, ಅವರಿಗೆ ಏನಾದರೂ ಆದರೆ ಹೊಣೆ ಯಾರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ನಮ್ಮ ರೈಲು ಬೇಡಿಕೆಯ ಪಟ್ಟಿಯಲ್ಲಿ ಹಳಿಯ ಮೇಲೆ ದುಡಿಯುವವನ ಜೀವವೂ ಒಂದು ಸಾಲಾಗಬೇಕು.

ಯಾಕೆಂದರೆ ಈ ಮಾರ್ಗಕ್ಕೆ ಒಂದು ಇತಿಹಾಸವಿದೆ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಗುಡ್ಡದಿಂದ ಜಾರಿದ ಕಲ್ಲುಮಣ್ಣಿಗೆ ಹೊಡೆದು ಹಳಿ ತಪ್ಪಿದ್ದು ನಮ್ಮ ಕಾರವಾರದಿಂದಲೇ ಹೊರಟ ಮುಂಬೈ ವಿಶೇಷ ರೈಲು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಒಂದು ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಕರಂಜಾಡಿ ಬಳಿ ಮತ್ಸ್ಯಗಂಧಕ್ಕೂ ಅದೇ ಗತಿಯಾಯಿತು. ನಾನು ಆಗ ಹುಟ್ಟಿರಲಿಲ್ಲ. ಆದರೆ ಮನೆಯಲ್ಲಿ ದೊಡ್ಡವರು ಮುಂಬೈಗೆ ಹೊರಟವರಿಗೆ ಈಗಲೂ 'ಮಳೆಗಾಲ, ಜಾಗ್ರತೆ' ಎಂದು ಹೇಳುವುದು ಸುಮ್ಮನೆ ಅಲ್ಲ.

ಆ ಎರಡು ಅಪಘಾತಗಳ ನಂತರ ಕೊಂಕಣ ರೈಲ್ವೆಯಲ್ಲಿ ಸುರಕ್ಷತೆಯ ಕ್ರಮಗಳು ಬಿಗಿಯಾದವು. ಗುಡ್ಡದ ಬದಿಗೆ ಬಲೆ ಕಟ್ಟಿದರು, ಕಡಿದಾದ ಮಣ್ಣಿನ ಗೋಡೆಗಳನ್ನು ಇಳಿಜಾರು ಮಾಡಿದರು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇದೆ. ಮೊದಲು ಅದು ಜೂನ್ 10ರಿಂದ ಅಕ್ಟೋಬರ್ 31ರ ತನಕ ಇರುತ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಯಿತು. ಮಳೆ ಜೋರಾಗಿ ಮುಂದಿನದು ಕಾಣದಿದ್ದರೆ ಗಂಟೆಗೆ 40 ಕಿ.ಮೀ.ಗಿಂತ ವೇಗವಾಗಿ ಓಡಿಸಬಾರದು ಎಂಬ ಸೂಚನೆ ಲೋಕೊ ಪೈಲಟ್‌ಗಳಿಗಿದೆ. ಮತ್ತೆ, ಮಳೆಗಾಲದಲ್ಲಿ ಆರುನೂರಕ್ಕೂ ಹೆಚ್ಚು ಸಿಬ್ಬಂದಿ ಇಡೀ ಮಾರ್ಗದಲ್ಲಿ ಗಸ್ತು ತಿರುಗುತ್ತಾರೆ. ನಾನು ಕಂಡ ಆ ಇಬ್ಬರು ಈ ಆರುನೂರರಲ್ಲಿ ಇಬ್ಬರು. ಅಂದರೆ ನಾವು ಬೈಯುವ ಆ ಒಂದು ಗಂಟೆಯ ತಡಕ್ಕೆ ಒಂದು ಅರ್ಥವಿದೆ. ಅದು ನಮ್ಮ ಜೀವಕ್ಕೆ ಕೊಟ್ಟ ಸಮಯ.

ಇನ್ನೊಂದು ಘಟನೆ ನಮ್ಮ ಜಿಲ್ಲೆಯದೇ. 2024ರ ಸೆಪ್ಟೆಂಬರ್, ಬೆಳಗಿನ ಜಾವ, ಕುಮಟಾ ಮತ್ತು ಹೊನ್ನಾವರದ ನಡುವೆ. ಗಸ್ತಿನಲ್ಲಿದ್ದ ಟ್ರ್ಯಾಕ್‌ಮನ್ ಒಬ್ಬರಿಗೆ ಹಳಿಯ ಜೋಡಣೆಯೊಂದರಲ್ಲಿ ವೆಲ್ಡಿಂಗ್ ಪೂರ್ತಿಯಾಗದೆ ಇರುವುದು ಕಣ್ಣಿಗೆ ಬಿತ್ತು. ಅದೇ ಹಳಿಯಲ್ಲಿ ತಿರುವನಂತಪುರ–ದೆಹಲಿ ರಾಜಧಾನಿ ಬರುತ್ತಿತ್ತು. ಕುಮಟಾ ಸ್ಟೇಷನ್ನಿಗೆ ಫೋನ್ ಮಾಡಿದರು, ರೈಲು ಆಗಲೇ ದಾಟಿತ್ತು. ಲೋಕೊ ಪೈಲಟ್‌ಗೆ ಫೋನ್ ಸಿಗಲಿಲ್ಲ. ಉಳಿದದ್ದು ಒಂದೇ ದಾರಿ, ಓಡುವುದು. ಐದು ನಿಮಿಷದಲ್ಲಿ ಅರ್ಧ ಕಿಲೋಮೀಟರ್ ಓಡಿ, ಕೆಂಪು ಸಂಕೇತ ತೋರಿಸಿ ರೈಲು ನಿಲ್ಲಿಸಿದರು. ರೈಲ್ವೆ ಅವರಿಗೆ 15 ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ನಾವೆಲ್ಲ ಆ ಸುದ್ದಿಯನ್ನು ಹಂಚಿಕೊಂಡು 'ಹೀರೊ' ಎಂದೆವು.

ಅವರು ಹೀರೊ ನಿಜ. ಆದರೆ ನನಗೆ ಆಮೇಲೆ ಒಂದು ಯೋಚನೆ ಬಂತು. ಅಷ್ಟು ಹೊತ್ತಿನಲ್ಲಿ, ಜಲ್ಲಿಕಲ್ಲಿನ ಮೇಲೆ ಓಡುವಾಗ ಅವರ ಕಾಲು ಜಾರಿದ್ದರೆ? ನಮ್ಮ ಭಾಗದಲ್ಲಿ ಇರುವುದು ಒಂಟಿ ಹಳಿ. ಸೇತುವೆ ಇದೆ, ಮಣ್ಣು ಕಡಿದು ಮಾಡಿದ ಕಣಿವೆ ಇದೆ, ಸುರಂಗ ಇದೆ. ಕಾರವಾರದ ಸುರಂಗವೇ ಸುಮಾರು ಮೂರು ಕಿಲೋಮೀಟರ್. ರೈಲು ಬಂದರೆ ಪಕ್ಕಕ್ಕೆ ಸರಿಯಲು ಎಲ್ಲ ಕಡೆ ಜಾಗ ಇರುವುದಿಲ್ಲ. ರೈಲು ಹೆಚ್ಚಾದಷ್ಟೂ, ವೇಗ ಹೆಚ್ಚಾದಷ್ಟೂ, ಎರಡು ರೈಲುಗಳ ನಡುವೆ ಹಳಿ ರಿಪೇರಿಗೆ ಸಿಗುವ ಹೊತ್ತು ಕಡಿಮೆಯಾಗುತ್ತದೆ. ಹಿಂದೆ ಡೀಸೆಲ್ ಎಂಜಿನ್ನಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ವಿದ್ಯುತ್ ರೈಲು ಹತ್ತಿರ ಬಂದ ಮೇಲೆಯೇ ಗೊತ್ತಾಗುವುದು. ನಮಗೆ ಸೌಕರ್ಯವಾದ ಪ್ರತಿ ಬದಲಾವಣೆಯೂ ಅವರ ಕೆಲಸವನ್ನು ಇನ್ನಷ್ಟು ಬಿಗಿ ಮಾಡಿದೆ.

ಇದು ನನ್ನ ಊಹೆ ಮಾತ್ರವಲ್ಲ. ರೈಲ್ವೆ ಸುರಕ್ಷತೆ ಕುರಿತು ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಉನ್ನತ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ 2007–08ರಿಂದ 2011ರ ಅಕ್ಟೋಬರ್‌ವರೆಗೆ ದೇಶದಲ್ಲಿ ರೈಲು ಅಪಘಾತಗಳಲ್ಲಿ ಸತ್ತವರು ಸಾವಿರದ ಆಸುಪಾಸು. ಅದೇ ಅವಧಿಯಲ್ಲಿ ಸತ್ತ ರೈಲ್ವೆ ನೌಕರರು ಸುಮಾರು 1,600. ರೈಲು ಅಪಘಾತವಾದರೆ ದಿನಪೂರ್ತಿ ಟಿ.ವಿ.ಯಲ್ಲಿ ಬರುತ್ತದೆ. ಈ 1,600 ಸಾವುಗಳು ಒಂದೊಂದಾಗಿ ಆದವು, ಒಳಪುಟದ ಎರಡು ಸಾಲಿನ ಸುದ್ದಿಯಾಗಿ ಮುಗಿದವು.

ಇನ್ನು ಹೊಣೆಯ ಮಾತು. ಟಿಕೆಟ್ ಪಡೆದ ಪ್ರಯಾಣಿಕ ರೈಲು ಅಪಘಾತದಲ್ಲಿ ಸತ್ತರೆ ಅವರ ಮನೆಯವರಿಗೆ 8 ಲಕ್ಷ ರೂಪಾಯಿ ಪರಿಹಾರ ಸಿಗಬೇಕು. 2017ರ ಜನವರಿಯಿಂದ ಮೊತ್ತ ಅಷ್ಟಿದೆ. ತಪ್ಪು ಯಾರದು ಎಂದು ಸಾಬೀತು ಮಾಡುವ ಅಗತ್ಯವಿಲ್ಲ. ಕೆಲಸಗಾರರಿಗೂ ಕಾನೂನು ಇಲ್ಲವೆಂದಲ್ಲ. 1923ರಿಂದಲೂ ಪರಿಹಾರ ಕಾಯ್ದೆ ಇದೆ. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕೆಲಸದ ವೇಳೆ ಅಪಘಾತವಾದರೆ ಮಾಲೀಕನ ತಪ್ಪನ್ನು ತೋರಿಸಬೇಕಿಲ್ಲ, ಪರಿಹಾರ ಕೊಡಬೇಕು. ಗುತ್ತಿಗೆದಾರನ ಆಳಾದರೂ ಮೂಲ ಸಂಸ್ಥೆ ಕೊಡಬೇಕು, ಆಮೇಲೆ ಅದು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಒಳ್ಳೆಯ ಕಾನೂನೇ.

ತೊಡಕು ಇರುವುದು ಕಾಗದದಲ್ಲಿ. ಸಾವಿಗೆ ಪರಿಹಾರದ ಲೆಕ್ಕ ಹೀಗೆ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 30 ವರ್ಷದವನಿಗೆ ಆ ಸಂಖ್ಯೆ 207.98. ಕೂಲಿ 15 ಸಾವಿರ ಎಂದಿದ್ದರೆ 15,59,850 ರೂಪಾಯಿ. ಅದೇ ಮನುಷ್ಯನ ಕೂಲಿ ದಾಖಲೆಯಲ್ಲಿ 8 ಸಾವಿರ ಎಂದಿದ್ದರೆ 8,31,920. ದಾಖಲೆಯಲ್ಲಿ ಹೆಸರೇ ಇಲ್ಲದಿದ್ದರೆ? ಆಗ ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎಂಬುದನ್ನೇ ಮನೆಯವರು ಸಾಬೀತು ಮಾಡಬೇಕು.

ನಮ್ಮ ಕೇರಿಯಲ್ಲಿ ಒಬ್ಬ ಇದ್ದಾನೆ, ನಾವೆಲ್ಲ ಅಣ್ಣ ಎಂದೇ ಕರೆಯುವುದು. ಕೆಲವು ವರ್ಷಗಳ ಹಿಂದೆ ಒಬ್ಬ ಗುತ್ತಿಗೆದಾರನ ಜತೆ ದೂರದ ಊರಿಗೆ ಹಳಿ ಕೆಲಸಕ್ಕೆ ಹೋಗಿದ್ದ. ಸ್ಲೀಪರ್ ಇಳಿಸುವಾಗ ಕಾಲ ಮೇಲೆ ಬಿತ್ತು. ಎರಡು ಬೆರಳು ಹೋದವು. ಆಸ್ಪತ್ರೆ ಬಿಲ್ಲು ಕಟ್ಟಿ, ಕೈಗೆ ಹತ್ತು ಸಾವಿರ ಕೊಟ್ಟು, ಬಸ್ಸು ಹತ್ತಿಸಿ ಕಳಿಸಿದರು. ಈಗ ಬೇಲೆಕೇರಿಯಲ್ಲಿ ಬಲೆ ದುರಸ್ತಿ ಮಾಡುತ್ತಾನೆ. ಈ ಲೇಖನ ಬರೆಯುವ ಮೊದಲು ಅವನ ಹತ್ತಿರ ಮಾತಾಡಿದೆ. 'ಅರ್ಜಿ ಯಾಕೆ ಹಾಕಲಿಲ್ಲ ಅಣ್ಣ?' ಎಂದು ಕೇಳಿದೆ. 'ಯಾರ ಮೇಲೆ ಹಾಕೂದು ತಮಾ? ನಂಗೆ ಅವ್ನ ಪೂರ್ತಿ ಹೆಸ್ರೂ ಗೊತ್ತಿರ್ಲಿಲ್ಲ' ಎಂದ. ಹಳೆಯ ಕಾಯ್ದೆಯಲ್ಲಿ ಅರ್ಜಿ ಹಾಕಲು ಎರಡು ವರ್ಷದ ಗಡುವಿತ್ತು ಎಂದು ನಾನು ಹೇಳಿದಾಗ ಅವನು ಬಲೆಯಿಂದ ಕಣ್ಣೆತ್ತಲಿಲ್ಲ. ಗಡುವು ಎಂದೋ ಮುಗಿದಿತ್ತು. ನನಗೂ ಅದು ಗೊತ್ತಾದದ್ದು ಈಗಲೇ.

'ಇವರೇ ಜಾಗ್ರತೆ ಇರಬೇಕಪ್ಪ, ಹೆಲ್ಮೆಟ್ ಹಾಕುವುದಿಲ್ಲ, ಫೋನಿನಲ್ಲಿ ಮಾತಾಡುತ್ತಾರೆ' ಎಂದು ಹೇಳುವವರು ಇದ್ದಾರೆ. ಜಾಗ್ರತೆ ಬೇಕು, ಒಪ್ಪುತ್ತೇನೆ. ಆದರೆ ಕಾರ್ಮಿಕ ಸತ್ತೇ ಹೋದರೆ ಅವನು ನಿಯಮ ಪಾಲಿಸಲಿಲ್ಲ ಎಂಬ ನೆಪದಲ್ಲಿ ಮಾಲೀಕ ಪರಿಹಾರದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಆ ಹಳೆಯ ಕಾನೂನೇ ಹೇಳಿತ್ತು. ಹಳೆಯ ಕಾನೂನಿಗೆ ಇದ್ದ ಅಷ್ಟು ವಿವೇಕ ನಮ್ಮ ಕಾಮೆಂಟುಗಳಲ್ಲಿ ಇಲ್ಲದಿದ್ದರೆ ಹೇಗೆ?

ಕೊಂಕಣ ರೈಲ್ವೆ ನಿಗಮಕ್ಕೆ ಹಣದ ಅಡಚಣೆ ಇದೆ, ಅದನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂಬ ವಾದವೂ ಇದೆ. ವಿಲೀನ ಆಗಲಿ. ಹಳಿ ಜೋಡಿಯಾಗಲಿ, ಅಂಕೋಲಾದಲ್ಲಿ ಇನ್ನಷ್ಟು ರೈಲು ನಿಲ್ಲಲಿ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಬಗ್ಗೆಯೂ ಕಾಡು ಮತ್ತು ರೈಲು ಎರಡನ್ನೂ ನೋಡಿ ತೀರ್ಮಾನ ಬರಲಿ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ಹಳಿಯ ಮೇಲಿನವನ ಹೊಣೆ ತಾನಾಗಿ ಯಾರ ಹೆಗಲಿಗೂ ಬರುವುದಿಲ್ಲ. ಅದನ್ನು ನಾವು ಕೇಳಬೇಕು.

ಏನು ಕೇಳಬೇಕು? ಮೊದಲನೆಯದು ಲೆಕ್ಕ. ಕಾರವಾರ ವಿಭಾಗದಲ್ಲಿ ಒಂದು ವರ್ಷದಲ್ಲಿ ಕೆಲಸದ ವೇಳೆ ಎಷ್ಟು ಜನರಿಗೆ ಪೆಟ್ಟಾಯಿತು, ಎಷ್ಟು ಜನ ಸತ್ತರು, ಅದರಲ್ಲಿ ಗುತ್ತಿಗೆಯವರು ಎಷ್ಟು, ಪರಿಹಾರ ಎಷ್ಟು ದಿನದಲ್ಲಿ ಸಿಕ್ಕಿತು ಎಂಬುದನ್ನು ಪ್ರತಿ ವರ್ಷ ಪ್ರಕಟಿಸಲಿ. ಎರಡನೆಯದು ಕಾಗದ. ಹಳಿಗೆ ಇಳಿಯುವ ಪ್ರತಿ ಗುತ್ತಿಗೆ ಕೆಲಸಗಾರನಿಗೂ ಗುರುತಿನ ಚೀಟಿ ಮತ್ತು ನಿಜವಾದ ಕೂಲಿ ಬರೆದ ಚೀಟಿ ಸಿಗಲಿ, ಅದರ ಪ್ರತಿ ಹತ್ತಿರದ ಸ್ಟೇಷನ್ನಿನಲ್ಲಿ ಇರಲಿ. ಮೂರನೆಯದು ಎಚ್ಚರಿಕೆಯ ಸಾಧನ. ರೈಲು ಹತ್ತಿರ ಬರುತ್ತಿದೆ ಎಂದು ಹಳಿಯವರಿಗೆ ಸದ್ದು ಮಾಡಿ ತಿಳಿಸುವ 'ರಕ್ಷಕ್'ನಂಥ ಸಾಧನಗಳು ದೇಶದ ಕೆಲವು ಮಾರ್ಗಗಳಲ್ಲಿ ಬಳಕೆಯಲ್ಲಿವೆ. ಸುರಂಗ, ಸೇತುವೆ, ತಿರುವು ಇರುವ ನಮ್ಮ ಮಾರ್ಗದಲ್ಲಿ ಗಸ್ತಿಗೆ ಹೋಗುವ ಪ್ರತಿಯೊಬ್ಬರಿಗೂ ಅಂಥದ್ದು ಬೇಕು. ಕುಮಟಾದ ಆ ಬೆಳಗಿನ ಜಾವ ಒಂದು ಫೋನ್ ತಾಗದೆ ಇದ್ದದ್ದನ್ನು ಮರೆಯಬಾರದು.

ಇವಕ್ಕೆ ಸಾವಿರಾರು ಕೋಟಿ ಬೇಡ. ಮುಂದಿನ ಸಲ ನಿಲುಗಡೆಗೆ ಮನವಿ ಬರೆಯುವಾಗ ಕೆಳಗೆ ಈ ಮೂರು ಸಾಲು ಸೇರಿಸಿದರೆ ಸಾಕು, ಒಂದು ಆರಂಭವಾಗುತ್ತದೆ. ರೈಲು ಬಳಕೆದಾರರ ಸಂಘಗಳಲ್ಲಿ ಇರುವ ಹಿರಿಯರಿಗೂ ನನ್ನ ಕೋರಿಕೆ ಇದೇ.

ರತ್ನಾಗಿರಿಯಲ್ಲಿ ಕೊಂಕಣ ಮಾರ್ಗ ಕಟ್ಟುವಾಗ ಸತ್ತ ಕೆಲಸಗಾರರ ನೆನಪಿಗೆ ಶ್ರಮಶಕ್ತಿ ಸ್ಮಾರಕವಿದೆ. ಸತ್ತವರಿಗೆ ಹೂವಿಡುವುದು ಒಳ್ಳೆಯದೇ. ಬದುಕಿರುವವರಿಗೆ ಬೇಕಾದದ್ದು ಒಂದು ಚೀಟಿ, ಒಂದು ಸಾಧನ, ಕೇಳಿದರೆ ಉತ್ತರ ಕೊಡುವ ಒಬ್ಬರು.

ಅಂದು ನಮ್ಮ ರೈಲು ಕೊನೆಗೂ ಬಂತು. ಒಂದು ಗಂಟೆ ಹತ್ತು ನಿಮಿಷ ತಡ. ಸೀಟು ಸಿಕ್ಕಿತು, ಕಿಟಕಿ ಹಾಕಿಕೊಂಡೆವು. ಹಾರವಾಡ ದಾಟುವಾಗ ಹೊರಗೆ ಕತ್ತಲಲ್ಲಿ ಒಂದು ಟಾರ್ಚಿನ ಬೆಳಕು ಹಿಂದಕ್ಕೆ ಸರಿಯಿತು. ಯಾರೋ ಹಳಿಯಿಂದ ಇಳಿದು, ನಮ್ಮ ರೈಲಿಗೆ ದಾರಿ ಬಿಟ್ಟು ಮಳೆಯಲ್ಲಿ ನಿಂತಿದ್ದರು.