ಯಂತ್ರದ ತೂಕ, ಶುಲ್ಕದ ಭಾರ

ನೀರು ತುಂಬಿದ ಬಕೆಟ್ ಎತ್ತುವಾಗ ತೋಳು ನಡುಗತೊಡಗಿದ್ದರಿಂದ, ವೈದ್ಯರ ಸಲಹೆಯಂತೆ, 66ನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಜಿಮ್‌ನ ಮೆಟ್ಟಿಲು ಹತ್ತಿದೆ. ಅಲ್ಲಿ ನನಗೆ ಒಗ್ಗಿದ್ದು ಎದೆ ಮತ್ತು ಭುಜಗಳ ವ್ಯಾಯಾಮದ ಯಂತ್ರ. ಕುಳಿತು ಹಿಡಿಗಳನ್ನು ಮುಂದಕ್ಕೆ ತಳ್ಳಿದರೆ ಎದೆಗೆ ಕೆಲಸ. ಒರಗನ್ನು ನೆಟ್ಟಗಾಗಿಸಿ ಮೇಲಕ್ಕೆ ತಳ್ಳಿದರೆ ಭುಜಕ್ಕೆ. ಪಿನ್ ಸಿಕ್ಕಿಸುವ ಜಾಗ ಬದಲಿಸಿ ಭಾರವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕೈ ಸೋತರೂ ಕಬ್ಬಿಣದ ಸರಳು ಎದೆಯ ಮೇಲೆ ಬೀಳುವ ಭಯವಿಲ್ಲ.

ಇದನ್ನು ಯುವಕರ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ವಯಸ್ಸಾದಂತೆ ಸ್ನಾಯುಗಳು ಕರಗುತ್ತವೆ. ಬೆಳಗಿನ ನಡಿಗೆಯೊಂದರಿಂದಲೇ ತೋಳಿಗೆ ಬಲ ಬಾರದು. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹಿರಿಯರಿಗೂ ಹೇಳಿದೆ. ಉದ್ಯಾನಗಳ ಬಯಲು ಜಿಮ್‌ಗಳಲ್ಲಿಯೂ ಇಂತಹ ಉಪಕರಣಗಳುಂಟು. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ನಮ್ಮ ದೇಹವೇ ಭಾರ. ಅದನ್ನು ಇಳಿಸಿಕೊಳ್ಳಲು ಪಿನ್ ಇಲ್ಲ!

ಹಿರಿಯರಿಗೆ ನಿಜವಾದ ಅಡ್ಡಿ ಶುಲ್ಕದ ಪದ್ಧತಿ. ನಾನು ಇಡೀ ವರ್ಷದ ಹಣವನ್ನು ಮುಂಗಡವಾಗಿ ತೆತ್ತಿದ್ದೆ. ಕಣ್ಣಿನ ಶಸ್ತ್ರಚಿಕಿತ್ಸೆಯಿಂದಾಗಿ ಎರಡು ತಿಂಗಳು ಹೋಗಲಾಗಲಿಲ್ಲ. ಅವಧಿ ವಿಸ್ತರಿಸಲು ಮಾಲೀಕರು ಒಪ್ಪಲಿಲ್ಲ. ಅಮೆರಿಕದ ಜಿಮ್‌ಗಳನ್ನು ಕುರಿತು ಅರ್ಥಶಾಸ್ತ್ರಜ್ಞರಾದ ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಭೇಟಿಯೊಂದಕ್ಕೆ 10 ಡಾಲರಿನ ಚೀಟಿ ಲಭ್ಯವಿದ್ದರೂ, ಮಾಸಿಕ ಸದಸ್ಯರು ಭೇಟಿಯೊಂದಕ್ಕೆ 17 ಡಾಲರಿಗೂ ಹೆಚ್ಚು ತೆರುತ್ತಿದ್ದರು. ತಮ್ಮ ಉತ್ಸಾಹವನ್ನು ತಾವೇ ಹೆಚ್ಚಾಗಿ ಅಂದಾಜಿಸಿದ್ದೇ ಕಾರಣ. ಹಿರಿಯರ ವಿಷಯದಲ್ಲಿ ಉತ್ಸಾಹದ ಜೊತೆಗೆ ಆರೋಗ್ಯವೂ ಕೈಕೊಡಬಹುದು.

ಮಾಲೀಕರ ಕಷ್ಟವೂ ಸುಳ್ಳಲ್ಲ. ಯಂತ್ರ ದುಬಾರಿ, ಬಾಡಿಗೆ ನಿಲ್ಲದು. ಮುಂಗಡ ಹಣ ಅವರಿಗೆ ಭದ್ರತೆ. ಆದರೆ ನಾನು ಕಂಡಂತೆ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಆ ಯಂತ್ರ ಖಾಲಿ ಕುಳಿತಿರುತ್ತದೆ. ಆ ವೇಳೆಯಲ್ಲಿ ಒಬ್ಬ ಹಿರಿಯರು ಬಂದರೆ ಆಗುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಭೇಟಿಗಿಷ್ಟೆಂದು ಶುಲ್ಕ ಪಡೆದರೆ ಇಬ್ಬರಿಗೂ ಲಾಭ.

ಜಿಮ್ ಸೇವೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿಸಲಾಗಿದೆ. ಸಾರ್ವಜನಿಕ ಬೊಕ್ಕಸ ಇಷ್ಟು ಬಿಟ್ಟುಕೊಟ್ಟ ಮೇಲೆ, ಹಿರಿಯರಿಗೆ ಭೇಟಿವಾರು ಶುಲ್ಕ ಮತ್ತು ಅನಾರೋಗ್ಯದ ಅವಧಿಗೆ ವಿಸ್ತರಣೆ ನೀಡಿರೆಂದು ಸರ್ಕಾರ ಕೇಳುವುದು ಅತಿಯಾಗದು. ತನ್ನ ಬಕೆಟ್ಟನ್ನು ತಾನೇ ಎತ್ತಿಕೊಳ್ಳಬಲ್ಲ ವೃದ್ಧರು ಕುಟುಂಬಕ್ಕೂ ಆಸ್ಪತ್ರೆಗೂ ಹೊರೆಯಾಗುವುದು ಕಡಿಮೆ.